ಪದಚರ್ಚೆ: ‘ಸ್ವಾಧೀನ’ ಒಂದೇ ಪದ, ಹೊರುವ ಅರ್ಥ ಮೂರು

ಪ್ರಶ್ನೆ – ಸಿಂಧನೂರಿನಿಂದ

ಎಲ್ಲರಿಗೂ ನಮಸ್ಕಾರ. ಆಸ್ತಿಹಕ್ಕಿನ ಸಿದ್ಧಾಂತಗಳ ಬಗ್ಗೆ ಪದವಿ ವಿದ್ಯಾರ್ಥಿಗಳಿಗಾಗಿ ಕನ್ನಡದಲ್ಲಿ ಪಾಠವೊಂದು ಸಿದ್ಧವಾಗುತ್ತಿದೆ. ಲಾಕ್, ಹ್ಯೂಮ್, ಕಾಂಟ್, ಬೆಂಥಮ್ ಎಂಬ ತತ್ತ್ವಜ್ಞಾನಿಗಳು, ಕೊನೆಗೆ ಹೋಫೆಲ್ಡ್ ಮತ್ತು ಆನೊರೆ ಎಂಬ ನ್ಯಾಯಶಾಸ್ತ್ರಜ್ಞರು ಬರುತ್ತಾರೆ. ತೊಡಕಿರುವುದು ಪೊಸೆಷನ್ (ಕೈವಶ ಇರುವುದು), ಓನರ್‌ಶಿಪ್ (ಒಡೆಯನಾಗಿರುವುದು), ಟೈಟಲ್ (ಆ ಹಕ್ಕು ಬಂದ ಮೂಲ) ಎಂಬ ಮೂರು ಪದಗಳಲ್ಲಿ.

ಪೊಸೆಷನ್‌ಗೆ ‘ಸ್ವಾಧೀನ’ ಎಂದು ಬರೆದದ್ದಾಯಿತು. ಆದರೆ ಪಹಣಿಯ 9ನೇ ಕಾಲಂ ‘ಸ್ವಾಧೀನದಾರನ ಹೆಸರು’ ಎನ್ನುತ್ತದೆ, ಊರಲ್ಲಿ ಎಲ್ಲರೂ ಅದನ್ನು ಮಾಲೀಕನ ಹೆಸರು ಎಂದೇ ಓದುತ್ತಾರೆ. ಪತ್ರಿಕೆ ತೆರೆದರೆ ‘ಭೂಸ್ವಾಧೀನ’, ಅಲ್ಲಿ ಅದು ಸರ್ಕಾರ ಜಮೀನು ತೆಗೆದುಕೊಳ್ಳುವುದು. ಇನ್ನು ‘ಪ್ರಾಪರ್ಟಿ ಎಂದರೆ ವಸ್ತುವಲ್ಲ, ವಸ್ತುವಿನ ವಿಷಯದಲ್ಲಿ ಜನರ ನಡುವೆ ಇರುವ ಸಂಬಂಧ’ ಎಂಬ ಮಾತನ್ನು ಕನ್ನಡಕ್ಕೆ ತಂದರೆ ‘ಆಸ್ತಿ ಎಂದರೆ ಆಸ್ತಿಯಲ್ಲ’ ಎಂಬ ಒಗಟಾಗುತ್ತದೆ. ಇದಕ್ಕೆ ಕನ್ನಡದಲ್ಲೇ ದಾರಿ ಇದೆಯೇ? ಒಡೆತನ ಒಂದೇ ಹಕ್ಕಲ್ಲ, ಹಲವು ಹಕ್ಕು ಕೂಡಿದ್ದು ಎನ್ನುವ ‘ಬಂಡಲ್ ಆಫ್ ರೈಟ್ಸ್’ಗೆ ‘ಹಕ್ಕುಗಳ ಕಂತೆ’ ನಡೆದೀತೇ?

ಉತ್ತರ – ಬಳ್ಳಾರಿಯಿಂದ

ಮೇಡಂ, ಮೊದಲು ನಮ್ಮ ಭಾಗದ ಮಾತನ್ನೇ ನೋಡೋಣ. ಹೊಲದ ವ್ಯಾಜ್ಯ ಬಂದಾಗ ರಾಯಚೂರು–ಕೊಪ್ಪಳದ ಕಡೆ ಹಿರಿಯರು ಕೇಳುವ ಪ್ರಶ್ನೆ ಮೂರು: ‘ಹೊಲ ಯಾರ ಹೆಸರ್ಲೆ ಐತಿ?’, ‘ಕಬ್ಜಾ ಯಾರದೈತಿ?’, ‘ಯಾರು ಮಾಡ್ತಾರ?’ ಹೆಸರು ಒಬ್ಬನದು, ಕಬ್ಜಾ ಇನ್ನೊಬ್ಬನದು, ಲೀಜಿಗೆ ಹಾಕಿಕೊಂಡು ಮಾಡುವವನು ಮತ್ತೊಬ್ಬ ಎಂಬುದು ಅವರಿಗೆ ಗೊತ್ತಿರುವ ಸಂಗತಿ. ಆಡುಮಾತು ಬಿಡಿಸಿಟ್ಟದ್ದನ್ನು ಬರಹದ ಕನ್ನಡ ಕಲಸಿ ಹಾಕಿದೆ.

ಕಲಸಿದ್ದು ಹೇಗೆಂದರೆ, 1964ರ ಕರ್ನಾಟಕ ಭೂಕಂದಾಯ ಅಧಿನಿಯಮದಲ್ಲಿ ‘ಆಕ್ಯುಪೆಂಟ್’ ಎಂಬ ಪರಿಭಾಷೆ ಇದೆ. ಸರ್ಕಾರ ಪರಭಾರೆ ಮಾಡದ ಜಮೀನನ್ನು ವಾಸ್ತವವಾಗಿ ಸ್ವಾಧೀನದಲ್ಲಿಟ್ಟುಕೊಂಡ, ಗೇಣಿದಾರನಲ್ಲದ ಹಿಡುವಳಿದಾರ ಎಂದು ಅದರ ಅರ್ಥ. ಅದಕ್ಕೊಂದು ಬಾಲವಿದೆ: ಹೊಲದಲ್ಲಿ ಇರುವವನು ಗೇಣಿದಾರನಾದರೆ ಭೂಮಾಲೀಕನನ್ನೇ ಆಕ್ಯುಪೆಂಟ್ ಎಂದು ಭಾವಿಸಬೇಕು. ಅಂದರೆ ಹೊಲಕ್ಕೆ ಕಾಲಿಡದೆ ಹೊಸಪೇಟೆಯಲ್ಲೋ ಬೆಂಗಳೂರಲ್ಲೋ ಕೂತವನೂ ಕಾನೂನಿನ ಕಣ್ಣಿಗೆ ಸ್ವಾಧೀನದಾರ. ಪಹಣಿಯ 9ನೇ ಕಾಲಮ್ಮಿಗೆ ಬಂದದ್ದು ಈ ಭಾವಿಸಿದ ಸ್ವಾಧೀನ. ನಿಜವಾಗಿ ಮಾಡುವವನ ಹೆಸರು 12ನೇ ಕಾಲಮ್ಮಿನ ಸಾಗುವಳಿದಾರನ ಜಾಗದಲ್ಲಿ ಬರಬೇಕು. ಆದ್ದರಿಂದ ಪಹಣಿಯ ‘ಸ್ವಾಧೀನದಾರ’ನನ್ನು ಪರಿಭಾಷೆ ಎಂದು ಒಪ್ಪಿ ಅಲ್ಲೇ ಬಿಡಿ. ಪಾಠದೊಳಗೆ ಅದನ್ನು ಕರೆತಂದರೆ ಕಾಂಟ್ ಕೆಡುತ್ತಾನೆ.

ಕಾಂಟ್ ಕೆಡುವುದು ಹೀಗೆ. 1797ರ ಗ್ರಂಥದಲ್ಲಿ ಅವನು ಎರಡು ಬಗೆಯ ಸ್ವಾಧೀನವನ್ನು ಬೇರೆ ಮಾಡುತ್ತಾನೆ. ಸೇಬು ಕೈಯಲ್ಲಿದೆ ಎಂಬ ಕಾರಣಕ್ಕೆ ಅದು ನನ್ನದಲ್ಲ. ಕೈಯಿಂದ ಕೆಳಗಿಟ್ಟ ಮೇಲೂ ನನ್ನದೆಂದು ಹೇಳಬಲ್ಲೆನಾದರೆ ನನ್ನದು. ಮೊದಲನೆಯದು ಇಂದ್ರಿಯಗೋಚರ, ಎರಡನೆಯದು ಬುದ್ಧಿಗಷ್ಟೇ ಗೋಚರ. ಇಲ್ಲಿ ‘ಸ್ವಾಧೀನ’ ಎಂಬುದನ್ನು ಮೊದಲನೆಯದಕ್ಕೆ ಮೀಸಲಿಟ್ಟು, ಎರಡನೆಯದಕ್ಕೆ ‘ಕೈಬಿಟ್ಟರೂ ಉಳಿಯುವ ಸ್ವಾಧೀನ’ ಎಂದು ಬಿಡಿಸಿ ಹೇಳುವುದೇ ಮೇಲು. ಒಂದೇ ಪದದಲ್ಲಿ ಮುಗಿಸುವ ಹಠ ಇಲ್ಲಿ ಬೇಡ. ಜರ್ಮನ್ ನ್ಯಾಯಶಾಸ್ತ್ರಜ್ಞ ಸವಿನಿ 1803ರಲ್ಲಿ ರೋಮನ್ ಕಾನೂನಿನ ಸ್ವಾಧೀನವನ್ನು ವಿವರಿಸುತ್ತ ದೇಹದ ಹಿಡಿತ, ಮನಸ್ಸಿನ ಸಂಕಲ್ಪ ಎರಡೂ ಕೂಡಬೇಕು ಎಂದ. ‘ಸ್ವ’ಕ್ಕೆ ‘ಅಧೀನ’ವಾದದ್ದು ಸ್ವಾಧೀನ, ಹಿಡಿತದ ಭಾಗವನ್ನು ನಮ್ಮ ಪದ ಚೆನ್ನಾಗಿಯೇ ಹೊರುತ್ತದೆ. ಸಂಕಲ್ಪದ ಭಾಗವನ್ನು ವಾಕ್ಯ ಹೊರಬೇಕು.

ಭೂಸ್ವಾಧೀನದ ಗೊಂದಲ ಬಿಡಿಸುವುದು ಸುಲಭ. ಅಧಿಸೂಚನೆ ಹೊರಡಿಸಿ, ಪರಿಹಾರ ನಿಗದಿಮಾಡಿ, ಆಮೇಲೆ ಜಮೀನನ್ನು ವಶಕ್ಕೆ ತೆಗೆದುಕೊಳ್ಳುವುದು ಬೇರೆ ಬೇರೆ ಹಂತ. ‘ಭೂಸ್ವಾಧೀನವಾಗಿದೆ, ಸ್ವಾಧೀನ ತೆಗೆದುಕೊಂಡಿಲ್ಲ’ ಎಂಬ ವಾಕ್ಯ ಕಾನೂನಿನಲ್ಲಿ ಪೂರ್ತಿ ಸರಿ, ಓದುಗನಿಗೆ ಮಾತ್ರ ಹುಚ್ಚು ಹಿಡಿಸುತ್ತದೆ. ಪಡೆದುಕೊಳ್ಳುವ ಕ್ರಿಯೆಗೆ ‘ಆರ್ಜನೆ’ ಎನ್ನಿ. ಸ್ವಯಾರ್ಜಿತ, ಪಿತ್ರಾರ್ಜಿತ ಎಂಬ ಮಾತು ಹಳ್ಳಿಯ ಪತ್ರಬರಹಗಾರರ ಬಾಯಲ್ಲೂ ಇದೆ, ಅದರದ್ದೇ ಬೇರು.

ಈಗ ನಿಮ್ಮ ಒಗಟು. ಅದು ಒಗಟಾದದ್ದಕ್ಕೆ ಭಾಷೆಯೊಳಗೇ ಕಾರಣವಿದೆ. ಸಂಸ್ಕೃತದ ಧರ್ಮಶಾಸ್ತ್ರದಲ್ಲಿ ‘ಸ್ವಂ’ ಎಂದರೆ ಒಡೆಯನಿಗೆ ಸೇರಿದ ವಸ್ತು. ‘ಸ್ವಾಮಿ’ ಎಂದರೆ ಒಡೆಯ. ‘ಸ್ವತ್ವ’ ಎಂದರೆ ವಸ್ತುವಿನ ಕಡೆಯಿಂದ ನೋಡಿದ ಸಂಬಂಧ, ‘ಸ್ವಾಮಿತ್ವ’ ಎಂದರೆ ಒಡೆಯನ ಕಡೆಯಿಂದ ನೋಡಿದ ಅದೇ ಸಂಬಂಧ. ಎಷ್ಟು ಚೊಕ್ಕಟವಾಗಿದೆ ನೋಡಿ. ‘ಸ್ವತ್ವ’ ಕನ್ನಡಕ್ಕೆ ಬಂದು ‘ಸ್ವತ್ತು’ ಆಯಿತು, ಆಗುವಾಗ ಸಂಬಂಧ ಕಳಚಿ ಬಿದ್ದು ವಸ್ತು ಉಳಿಯಿತು. ‘ಒಡವೆ’ಗೂ ಇದೇ ಗತಿ: ಒಡೆಯ, ಒಡೆತನ, ಒಡವೆ ಮೂರೂ ಒಂದೇ ಬುಡದವು, ಹಳೆಯ ಕನ್ನಡದಲ್ಲಿ ಒಡವೆ ಎಂದರೆ ಒಡೆತನಕ್ಕೆ ಸೇರಿದ ಏನಾದರೂ ಸರಿ, ಇವತ್ತು ಬರೀ ಕೊರಳಿನ ಸರ. ಆಂಗ್ಲರ ಪ್ರಾಪರ್ಟಿ ಕೂಡ ಹೀಗೇ ಸಂಬಂಧದಿಂದ ವಸ್ತುವಿಗೆ ಜಾರಿದೆ. ಹಾಗಾಗಿ ಅವರ ಸಿದ್ಧಾಂತಿಗಳಿಗೂ ಈ ಒಗಟು ಇದೆ, ನಮಗೊಬ್ಬರಿಗೇ ಅಲ್ಲ.

ಪರಿಹಾರ: ವಸ್ತುವಿಗೆ ‘ಸ್ವತ್ತು’, ಸಂಬಂಧಕ್ಕೆ ‘ಒಡೆತನ’. ನಿಮ್ಮ ವಾಕ್ಯ ಆಗ ‘ಒಡೆತನ ಇರುವುದು ಸ್ವತ್ತಿನಲ್ಲಿ ಅಲ್ಲ, ಅದರ ವಿಷಯದಲ್ಲಿ ಜನ ಒಬ್ಬರಿಗೊಬ್ಬರು ಬದ್ಧರಾಗಿರುವುದರಲ್ಲಿ’ ಎಂದಾಗುತ್ತದೆ. ‘ಸ್ವತ್ವ’ವನ್ನೇ ಮರಳಿ ತರೋಣವೆಂದರೆ ಅದು ಈಚಿನ ಕನ್ನಡ ವಿಮರ್ಶೆಯಲ್ಲಿ ತನ್ನತನ ಎಂಬ ಅರ್ಥಕ್ಕೆ ಒಗ್ಗಿಹೋಗಿದೆ. ಎರಡು ಕಡೆ ಮಾತ್ರ ಅದನ್ನು ಉಳಿಸಿಕೊಳ್ಳಬಹುದು. ಒಂದು, ಯಾಜ್ಞವಲ್ಕ್ಯ ಸ್ಮೃತಿಗೆ ಬರೆದ ವ್ಯಾಖ್ಯಾನವಾದ ಮಿತಾಕ್ಷರದ ಚರ್ಚೆ. ಇನ್ನೊಂದು ಲಾಕ್. 1689ರ ಎರಡನೆಯ ಪ್ರಬಂಧದಲ್ಲಿ ಲಾಕ್ ಪ್ರಾಪರ್ಟಿ ಎಂಬುದನ್ನು ಕೆಲವೆಡೆ ಹೊಲ–ಮನೆ ಎಂಬ ಕಿರಿದಾದ ಅರ್ಥದಲ್ಲಿ, ಕೆಲವೆಡೆ ಜೀವ, ಸ್ವಾತಂತ್ರ್ಯ, ಸಂಪತ್ತು ಮೂರಕ್ಕೂ ಒಟ್ಟು ಹೆಸರಾಗಿ ಬಳಸುತ್ತಾನೆ. ‘ಆಸ್ತಿಯ ರಕ್ಷಣೆಗಾಗಿ ಸರ್ಕಾರ ಹುಟ್ಟಿತು’ ಎಂದು ಅನುವಾದಿಸಿದರೆ ವಿದ್ಯಾರ್ಥಿ ಅವನನ್ನು ಬರೀ ಜಮೀನ್ದಾರರ ವಕೀಲನೆಂದು ತಿಳಿಯುತ್ತಾನೆ. ಹಿರಿದಾದ ಅರ್ಥ ಬಂದಾಗ ‘ಸ್ವತ್ವ’ ಎಂದು ಬರೆದು, ಮೊದಲ ಸಲ ಅರ್ಥ ಬಿಡಿಸಿ ಹೇಳಿ.

ಮಿತಾಕ್ಷರವನ್ನು ಪಾಠದಲ್ಲಿ ಸೇರಿಸಿಲ್ಲವೆಂದು ತೋರುತ್ತದೆ, ಸೇರಿಸಲೇಬೇಕು. ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ (1076–1126) ಕಲ್ಯಾಣದಲ್ಲಿ ಕೂತು ವಿಜ್ಞಾನೇಶ್ವರ ಬರೆದ ಆ ವ್ಯಾಖ್ಯಾನದ ದಾಯವಿಭಾಗ (ಪಿತ್ರಾರ್ಜಿತ ಹಂಚಿಕೆಯ ಭಾಗ) ಶುರುವಾಗುವುದೇ ಒಂದು ತತ್ತ್ವಪ್ರಶ್ನೆಯಿಂದ: ಸ್ವತ್ವ ಶಾಸ್ತ್ರದಿಂದ ಮಾತ್ರ ತಿಳಿಯುವಂಥದೋ, ಲೋಕದಲ್ಲೇ ಇರುವಂಥದೋ? ಎದುರುವಾದಿ ಧರ್ಮಸೂತ್ರಕಾರ ಗೌತಮನ ಸೂತ್ರ ಎತ್ತುತ್ತಾನೆ: ರಿಕ್ಥ (ವಾರಸು), ಕ್ರಯ (ಕೊಳ್ಳುವುದು), ಸಂವಿಭಾಗ (ಪಾಲು), ಪರಿಗ್ರಹ (ಮೊದಲು ಹಿಡಿದುಕೊಳ್ಳುವುದು), ಅಧಿಗಮ (ಸಿಕ್ಕಿದ್ದು) ಇವುಗಳಿಂದ ಒಡೆಯನಾಗುತ್ತಾನೆ ಎಂದು ಶಾಸ್ತ್ರ ಹೇಳಿದೆ, ಆದ್ದರಿಂದ ಶಾಸ್ತ್ರವೇ ಮೂಲ. ಜೊತೆಗೆ ಚೂಪಾದ ಆಕ್ಷೇಪ ಒಂದು: ಸ್ವತ್ವ ಬರೀ ಲೌಕಿಕವಾದರೆ ‘ನನ್ನದನ್ನು ಇವನು ಕದ್ದ’ ಎಂದು ಹೇಳುವಂತೆಯೇ ಇಲ್ಲ, ಕೈಯಲ್ಲಿ ಇಟ್ಟುಕೊಂಡ ಕಳ್ಳನದ್ದೇ ಆಗಿಬಿಡುತ್ತದಲ್ಲ! ವಿಜ್ಞಾನೇಶ್ವರನ ತೀರ್ಪು: ಲೌಕಿಕವೇ. ಶಾಸ್ತ್ರದ ಗಾಳಿ ತಾಕದ ಗಡಿನಾಡಿನ ಜನರೂ ಕೊಳ್ಳುತ್ತಾರೆ, ಮಾರುತ್ತಾರೆ. ನನ್ನದು–ನಿನ್ನದು ಎಂಬುದು ಅವರಿಗೂ ಗೊತ್ತು. ಸೂತ್ರ ಅದನ್ನು ಹುಟ್ಟಿಸಿಲ್ಲ, ಇದ್ದದ್ದನ್ನು ಪಟ್ಟಿಮಾಡಿದೆ.

ಇದನ್ನು ಹ್ಯೂಮ್ ಪಕ್ಕ ಇಡಿ. 1739–40ರ ಗ್ರಂಥದಲ್ಲಿ ಅವನು ಒಡೆತನ ಜನರ ರೂಢಿಯಿಂದ, ಪರಸ್ಪರ ಲಾಭದ ಅರಿವಿನಿಂದ ನೆಲೆನಿಂತದ್ದು ಎನ್ನುತ್ತಾನೆ. ಬೆಂಥಮ್ ತದ್ವಿರುದ್ಧ: ಕಾನೂನೂ ಒಡೆತನವೂ ಜೊತೆಗೇ ಹುಟ್ಟಿ ಜೊತೆಗೇ ಸಾಯುತ್ತವೆ. ಕಲ್ಯಾಣದ ಪಂಡಿತ ಆರು ನೂರು ವರ್ಷ ಮೊದಲೇ ಹ್ಯೂಮನ ದಿಕ್ಕಿಗೆ ನಿಂತಿದ್ದಾನೆ, ಕಾರಣಗಳು ಬೇರೆಯಾದರೂ. ಕಳ್ಳನ ಆಕ್ಷೇಪವನ್ನು ನಿಮ್ಮ ಪದಗಳಿಗೆ ಒರೆಗಲ್ಲಾಗಿ ಬಳಸಬಹುದು: ‘ಒಡೆತನ ನನ್ನದು, ಸ್ವಾಧೀನ ಅವನದು’ ಎಂದು ಸಲೀಸಾಗಿ ಹೇಳಲು ಬಂದರೆ ಪದಗಳು ಸರಿ. ‘ಆಸ್ತಿ ನನ್ನದು, ಆಸ್ತಿ ಅವನದು’ ಎಂದಾದರೆ ತಪ್ಪು.

ಟೈಟಲ್‌ಗೆ ಬರೋಣ. ‘ಹಕ್ಕುಪತ್ರ’ ಬೇಡ. ನಮ್ಮಲ್ಲಿ ಸರ್ಕಾರ ನಿವೇಶನ ಕೊಟ್ಟಾಗ, ಬಗರ್‌ಹುಕುಂ ಸಕ್ರಮವಾದಾಗ ಕೈಗೆ ಬರುವ ಕಾಗದ ಅದು. ಟೈಟಲ್ ಕಾಗದವಲ್ಲ, ಹಕ್ಕು ಎಲ್ಲಿಂದ ಬಂತು ಎಂಬ ಉತ್ತರ. ಯಾಜ್ಞವಲ್ಕ್ಯ ಅದನ್ನು ‘ಆಗಮ’ ಎಂದ: ತಲೆಮಾರಿನಿಂದ ಕ್ರಮವಾಗಿ ಬಂದ ಭೋಗವನ್ನು ಬಿಟ್ಟರೆ, ಭೋಗಕ್ಕಿಂತ ಆಗಮವೇ ಹೆಚ್ಚು. ಟೈಟಲ್ ಮತ್ತು ಪೊಸೆಷನ್ ನಡುವಣ ಜಗಳ ಇದೇ. ‘ಆಗಮ’ ಇವತ್ತು ಗುಡಿಯ ಪೂಜಾಶಾಸ್ತ್ರಕ್ಕೆ ಸೀಮಿತ, ಆದ್ದರಿಂದ ‘ಹಕ್ಕಿನ ಮೂಲ’ ಅಥವಾ ಒಂದೇ ಪದ ಬೇಕೆಂದರೆ ‘ಹಕ್ಕುಮೂಲ’. ಪಹಣಿಯ 10ನೇ ಕಾಲಂ, ‘ಸ್ವಾಧೀನತೆಯ ರೀತಿ’, ಹೇಳಲು ಹೊರಟದ್ದು ಇದನ್ನೇ. ಅಲ್ಲಿ ಬರುವ ಕ್ರಯ, ವಿಭಾಗ, ಪೌತಿಗಳನ್ನು ಗೌತಮನ ಪಟ್ಟಿಗೆ ಹೊಂದಿಸಿ ನೋಡಿ: ಪೌತಿ ರಿಕ್ಥ, ವಿಭಾಗ ಸಂವಿಭಾಗ, ಕ್ರಯ ಕ್ರಯವೇ. ಪರಿಗ್ರಹಕ್ಕೆ ಬಗರ್‌ಹುಕುಂ ಹೊಂದೀತು ಎನಿಸುತ್ತದೆ, ಹೊಂದುವುದಿಲ್ಲ. ಪರಿಗ್ರಹ ಎಂದರೆ ಯಾರದ್ದೂ ಅಲ್ಲದ ಹುಲ್ಲು, ನೀರು, ಕಟ್ಟಿಗೆಯನ್ನು ಮೊದಲು ಹಿಡಿದುಕೊಳ್ಳುವುದು. ಬಗರ್‌ಹುಕುಂ ಜಮೀನು ಯಾರದ್ದೂ ಅಲ್ಲದ್ದಲ್ಲ, ಸರ್ಕಾರದ್ದು. ‘ಹುಕುಂ ಇಲ್ಲದೆ’ ಎಂಬ ಉರ್ದು ಪದವೇ ಅದನ್ನು ಒಪ್ಪಿಕೊಂಡಿದೆ.

‘ಕಂತೆ’ಯ ಬಗ್ಗೆ: ಬೇಡ. ಅಂತೆ–ಕಂತೆಯ ಹಗುರ ಅದಕ್ಕೆ ಅಂಟಿದೆ. ‘ಹೊರೆ’ಯೂ ಬೇಡ, ಋಣದ ಅರ್ಥ ಬರುತ್ತದೆ. ‘ಹಕ್ಕುಗಳ ಕಟ್ಟು’ ಸಾಕು. ಕಟ್ಟಿನಿಂದ ಒಂದೊಂದೇ ಕಡ್ಡಿ ಎಳೆದು ಬೇರೆಯವರಿಗೆ ಕೊಡಬಹುದು ಎಂಬುದೇ ಆ ರೂಪಕದ ಜೀವ, ‘ಕಟ್ಟು’ ಅದನ್ನು ತಾಳುತ್ತದೆ.

ಉತ್ತರ – ಕೊಪ್ಪಳದಿಂದ

ಬಳ್ಳಾರಿ ಸರ್ ಹೇಳಿದ್ದರಲ್ಲಿ ಬಹಳಷ್ಟು ಒಪ್ಪಿಗೆ, ಒಂದು ಮಾತು ಬಿಟ್ಟು. ಪೊಸೆಷನ್‌ಗೆ ‘ಕಬ್ಜಾ’ ಯಾಕೆ ಬೇಡ? ಅವರೇ ಎತ್ತಿದ ಮೂರು ಪ್ರಶ್ನೆಯಲ್ಲಿ ಇರುವುದು ಕಬ್ಜಾ, ಸ್ವಾಧೀನ ಅಲ್ಲ.

ನಮ್ಮ ಮೂರು ಜಿಲ್ಲೆಗಳ ದಾಖಲೆಯ ಮಾತು ಎರಡು ಮಣ್ಣಿನದು. ಬಳ್ಳಾರಿಯನ್ನು ನಿಜಾಮ 1800ರಲ್ಲಿ ಕಂಪನಿಗೆ ಬಿಟ್ಟುಕೊಟ್ಟ; 1807ರವರೆಗೆ ಥಾಮಸ್ ಮನ್ರೋ ಅಲ್ಲಿನ ಪ್ರಧಾನ ಕಲೆಕ್ಟರ್. ರೈತನಿಂದ ನೇರವಾಗಿ ಕಂದಾಯ ಪಡೆಯುವ ಮದ್ರಾಸಿನ ರಯತವಾರಿಯ ಪಟ್ಟಾ, ಚಿಟ್ಟಾ, ಅಡಂಗಲ್, ಪೊರಂಬೋಕು ಅಲ್ಲಿಯ ಹಳೆಯ ಕಾಗದಗಳಲ್ಲಿವೆ. 1953ರ ಅಕ್ಟೋಬರ್ 1ಕ್ಕೆ ಅದು ಮೈಸೂರಿಗೆ ಸೇರಿತು. ರಾಯಚೂರು, ಆಗ ಅದರೊಳಗಿದ್ದ ಕೊಪ್ಪಳ, 1956ರ ನವೆಂಬರ್ 1ರವರೆಗೆ ಹೈದರಾಬಾದಿನ ಕಡೆ. ಇಲ್ಲಿಯ ಮಾತು ಪಟ್ಟೇದಾರ, ಶಿಕ್ಮಿದಾರ, ಮಾಲ್ಕಿ ಜಮೀನು, ಇನಾಂ, ಜಾಗೀರು, ಖಾರಿಜ್ ಖಾತಾ. ಕೊಪ್ಪಳ ತಾನೇ ಸಾಲಾರ್ ಜಂಗ್ ಮನೆತನದ ಜಾಗೀರಾಗಿತ್ತು. ಹಳೆಯ ಕಾಗದದಲ್ಲಿ ವರ್ಷ ಫಸಲಿಯಲ್ಲಿದ್ದರೆ (ಹೈದರಾಬಾದಿನ ಕಂದಾಯ ಲೆಕ್ಕದ ವರ್ಷ) ಕ್ರಿಸ್ತಶಕ ಸಿಗಲು 590 ಕೂಡಿಸಿ: ಜಾಗೀರು ರದ್ದತಿಯ ನಿಬಂಧನೆ 1358 ಫಸಲಿಯದು, ಹೊರಬಿದ್ದದ್ದು 1949ರ ಆಗಸ್ಟ್‌ನಲ್ಲಿ. ಹೀಗೆ ಕೂಡಿಸಿದಾಗ ಒಂದು ವರ್ಷ ಹೆಚ್ಚುಕಡಿಮೆ ಬರುವುದು ಸಹಜ, ಎರಡೂ ಪಂಚಾಂಗದ ವರ್ಷ ಒಂದೇ ದಿನ ಶುರುವಾಗುವುದಿಲ್ಲ.

ಜಾಗೀರುದಾರ ಒಡೆಯನೇ? ಇದು ನಿಮ್ಮ ಪಾಠಕ್ಕೆ ಒಳ್ಳೆಯ ಪ್ರಶ್ನೆ. ಅವನ ಕೈಲಿದ್ದದ್ದು ಮುಖ್ಯವಾಗಿ ಕಂದಾಯ ಎತ್ತುವ ಹಕ್ಕು. ಹೊಲ ಪಟ್ಟೇದಾರನ ಹೆಸರಲ್ಲಿ, ಉಳುವವನು ಬೇರೆ. ಒಂದೇ ಎಕರೆಯ ಮೇಲೆ ಮೂರು ನಾಲ್ಕು ಪದರ. ‘ಮಾಲೀಕ’ ಎಂಬ ಒಂದೇ ಪದದಿಂದ ಇದನ್ನು ಅನುವಾದಿಸಿದರೆ ಇತಿಹಾಸವೇ ಸುಳ್ಳಾಗುತ್ತದೆ.

‘ಪಹಣಿ’ಯೂ ನೋಡತಕ್ಕ ಪದ. ಮರಾಠಿಯಲ್ಲಿ ಪಾಹಣೀ ಎಂದರೆ ನೋಡುವಿಕೆ, ಪರಿಶೀಲನೆ. ಅಧಿಕಾರಿ ಹೊಲಕ್ಕೆ ಹೋಗಿ ಕಣ್ಣಾರೆ ಕಂಡು ಬರೆದದ್ದು ಪಹಣಿ. ಕಣ್ಣಿಗೆ ಕಾಣುವುದು ಯಾರು ಬಿತ್ತಿದ್ದಾರೆ, ಏನು ಬಿತ್ತಿದ್ದಾರೆ ಎಂಬುದಷ್ಟೇ, ಹಕ್ಕಿನ ಮೂಲ ಕಣ್ಣಿಗೆ ಕಾಣುವುದಿಲ್ಲ. ಪಹಣಿಯಲ್ಲಿ ಹೆಸರಿದ್ದರೆ ಒಡೆತನ ಬಂತು ಎಂದು ನಂಬುವವರಿಗೆ ಈ ವ್ಯುತ್ಪತ್ತಿ ಹೇಳಿದರೆ ಸಾಕು. ಕಾನೂನು ಹೇಳುವುದೂ ಅಷ್ಟೇ: ಭೂಕಂದಾಯ ಅಧಿನಿಯಮದ 133ನೇ ಪ್ರಕರಣದ ಪ್ರಕಾರ ದಾಖಲೆಯ ನಮೂದು ಬೇರೆ ಸಾಬೀತಾಗುವವರೆಗೆ ನಿಜವೆಂಬ ಊಹೆ ಮಾತ್ರ. ಖಾತೆ ಬದಲಾವಣೆಯಿಂದ ಒಡೆತನ ಹುಟ್ಟುವುದಿಲ್ಲ ಎಂದು ಸುಪ್ರೀಂ ಕೋರ್ಟು ಮತ್ತೆ ಮತ್ತೆ ಹೇಳಿದೆ.

ಉತ್ತರ – ಬಳ್ಳಾರಿಯಿಂದ

ಸರ್, ಕಬ್ಜಾ ಬೇಡವೆಂದದ್ದು ಅದು ಪರದೇಶಿ ಎಂಬ ಕಾರಣಕ್ಕಲ್ಲ. ಹಕ್ಕು, ಮಾಲೀಕ, ಜಮೀನು, ಪೌತಿ ಎಲ್ಲವೂ ಅರಬ್ಬಿ–ಪಾರಸಿಯಿಂದಲೇ ಬಂದವು. ತೊಂದರೆ ಬೇರೆ: ‘ಕಬ್ಜಾ ಐತಿ’ ಎಂದರೆ ಬರೀ ಸಂಗತಿ, ‘ಕಬ್ಜಾ ಮಾಡ್ಯಾರ’ ಎಂದರೆ ಆರೋಪ. ಕ್ರಿಯಾಪದ ಬದಲಾದ ಕೂಡಲೇ ಒತ್ತುವರಿ, ದಬ್ಬಾಳಿಕೆ ಎಲ್ಲ ಒಳಬರುತ್ತದೆ. ಸಿದ್ಧಾಂತದ ಪಾಠಕ್ಕೆ ಬಣ್ಣವಿಲ್ಲದ ಪದ ಬೇಕು, ಯಾಕೆಂದರೆ ಕಾನೂನು ತಪ್ಪು ಸ್ವಾಧೀನವನ್ನೂ ಒಂದು ಮಟ್ಟಿಗೆ ಕಾಯುತ್ತದೆ. 1963ರ ನಿರ್ದಿಷ್ಟ ಪರಿಹಾರ ಅಧಿನಿಯಮದ 6ನೇ ಪ್ರಕರಣ ನೋಡಿ: ಕಾನೂನುಬಾಹಿರವಾಗಿ ಹೊರದಬ್ಬಿಸಿಕೊಂಡವನು ಆರು ತಿಂಗಳೊಳಗೆ ದಾವೆ ಹಾಕಿದರೆ, ದಬ್ಬಿದವನೇ ನಿಜವಾದ ಒಡೆಯನಾಗಿದ್ದರೂ, ಸ್ವಾಧೀನ ಮರಳಿ ಸಿಗುತ್ತದೆ. ಆ ದಾವೆಯಲ್ಲಿ ಹಕ್ಕುಮೂಲ ಕೇಳುವುದೇ ಇಲ್ಲ. ಸರ್ಕಾರದ ವಿರುದ್ಧ ಮಾತ್ರ ಇದು ನಡೆಯದು. ಇದನ್ನು ‘ಕಬ್ಜಾ ಮಾಡಿದವನಿಗೆ ರಕ್ಷಣೆ’ ಎಂದು ಬರೆದರೆ ಓದುಗ ಸಿಟ್ಟಾಗುತ್ತಾನೆ, ತರ್ಕ ಕೇಳಿಸಿಕೊಳ್ಳುವುದಿಲ್ಲ. ಸಂಭಾಷಣೆಯಲ್ಲಿ, ಉದಾಹರಣೆಯಲ್ಲಿ ಕಬ್ಜಾ ಬರಲಿ, ಪರಿಭಾಷೆ ಸ್ವಾಧೀನವೇ ಇರಲಿ.

ಅಡ್ವರ್ಸ್ ಪೊಸೆಷನ್‌ಗೆ ‘ಪ್ರತಿಕೂಲ ಸ್ವಾಧೀನ’ ರೂಢಿಯಲ್ಲಿದೆ. ಯಾರಿಗೆ ಪ್ರತಿಕೂಲ ಎಂದು ವಿದ್ಯಾರ್ಥಿ ಕೇಳಿಯೇ ಕೇಳುತ್ತಾನೆ. ಒಡೆಯನಿಗೆ ಎಂದು ಮೊದಲೇ ಬರೆದುಬಿಡಿ. ಬಹಿರಂಗವಾಗಿ, ಬಿಡುವಿಲ್ಲದೆ, ಒಡೆಯನ ಹಕ್ಕನ್ನು ಧಿಕ್ಕರಿಸಿ 12 ವರ್ಷ (ಸರ್ಕಾರದ ವಿರುದ್ಧವಾದರೆ 30) ಕೂತಿರಬೇಕು. ಒಪ್ಪಿಗೆಯಿಂದ ಕೂತವನು, ಗೇಣಿದಾರ, ಕಾವಲುಗಾರ ಎಷ್ಟು ವರ್ಷ ಇದ್ದರೂ ಲೆಕ್ಕಕ್ಕಿಲ್ಲ. ಅವಧಿ ಮುಗಿದರೆ ದಾವೆಯಷ್ಟೇ ಅಲ್ಲ, 1963ರ ಕಾಲಪರಿಮಿತಿ ಅಧಿನಿಯಮದ 27ನೇ ಪ್ರಕರಣದಂತೆ ಒಡೆಯನ ಹಕ್ಕೇ ನಂದಿಹೋಗುತ್ತದೆ. ಯಾಜ್ಞವಲ್ಕ್ಯನಲ್ಲೂ ಇಂಥ ಮಾತಿದೆ: ಒಡೆಯ ಕಂಡೂ ಸುಮ್ಮನಿದ್ದರೆ ಇನ್ನೊಬ್ಬ ಭೋಗಿಸಿದ ನೆಲ 20 ವರ್ಷಕ್ಕೆ, ಚರಸ್ವತ್ತು 10 ವರ್ಷಕ್ಕೆ ‘ಹಾನಿ’. ವಿಜ್ಞಾನೇಶ್ವರ ಆ ಹಾನಿಯನ್ನು ನೆಲದ್ದೆಂದು ಒಪ್ಪುವುದಿಲ್ಲ, ಅಷ್ಟು ವರ್ಷದ ಫಲದ್ದು ಮಾತ್ರ ಎನ್ನುತ್ತಾನೆ. ಸುಮ್ಮನಿದ್ದ ಮಾತ್ರಕ್ಕೆ ಸ್ವತ್ವ ಅಳಿಯದು ಎಂಬ ನಿಲುವು ಅದು, 1963ರ ಕಾನೂನಿನದು ಬೇರೆ.

ಪ್ರಶ್ನೆ – ಸಿಂಧನೂರಿನಿಂದ

ಇಬ್ಬರಿಗೂ ಧನ್ಯವಾದ. ಇನ್ನೆರಡು ಸಣ್ಣ ಅನುಮಾನ. ‘ಲೀಸ್’ಗೆ ‘ಭೋಗ್ಯ’ ಸರಿಯೇ? ಒಡೆತನದ ಅಂಶಗಳನ್ನು ಎಣಿಸುವ ಆನೊರೆಯ ಪಟ್ಟಿಗೆ ಶಾಸನದ ‘ಅಷ್ಟಭೋಗ’ ಹೊಂದುತ್ತದೆಯೇ?

ಉತ್ತರ – ಕೊಪ್ಪಳದಿಂದ

ಭೋಗ್ಯ ಬೇಡ ಮೇಡಂ. ಪೇಟೆಯಲ್ಲಿ ಮನೆ ‘ಲೀಸ್‌ಗೆ’ ಎಂದರೆ ದೊಡ್ಡ ಮೊತ್ತ ಕೊಟ್ಟು ಬಾಡಿಗೆ ಇಲ್ಲದೆ ಇರುವುದು, ಬಿಡುವಾಗ ಹಣ ವಾಪಸ್. ಅದು ನಿಜಕ್ಕೂ ಭೋಗ್ಯ, ಅಂದರೆ ಅಡಮಾನದ ಒಂದು ಜಾತಿ. ಹೊಲದ ‘ಲೀಜು’ ಹಾಗಲ್ಲ, ವರ್ಷಕ್ಕೆ ಇಂತಿಷ್ಟು ಹಣವೋ ಚೀಲವೋ ಕೊಟ್ಟು ಮಾಡುವುದು. ಮೊದಲನೆಯದರಲ್ಲಿ ಸಾಲ ಇದೆ, ಎರಡನೆಯದರಲ್ಲಿ ಇಲ್ಲ. ಸಿದ್ಧಾಂತದ ಲೀಸ್‌ಗೆ ‘ಗುತ್ತಿಗೆ’ ಎನ್ನಿ, ಸಾಗುವಳಿ ಜಮೀನಾದರೆ ‘ಗೇಣಿ’. ಬೆಳೆಯಲ್ಲಿ ಪಾಲು ಕೊಡುವುದಾದರೆ ಅದು ‘ಪಾಲು’ ಅಥವಾ ‘ಕೋರು’, ಮೂರನ್ನೂ ಕೂಡಿಸಬೇಡಿ.

ಪದ ತಪ್ಪಿದರೆ ದುಡ್ಡೂ ತಪ್ಪುತ್ತದೆ. ಇಸಾರ ಪತ್ರದಲ್ಲಿ, ಅಂದರೆ ಮಾರಾಟದ ಕರಾರಿನಲ್ಲಿ, ‘ಸ್ವಾಧೀನ ಕೊಟ್ಟಿದ್ದೇನೆ’ ಎಂಬ ಒಂದು ಮಾತು ಬಿದ್ದರೆ ಕರ್ನಾಟಕ ಸ್ಟಾಂಪ್ ಅಧಿನಿಯಮದಲ್ಲಿ ಅದಕ್ಕೆ ಕ್ರಯಪತ್ರದಷ್ಟೇ ಮುದ್ರಾಂಕ ಶುಲ್ಕ. ಕಟ್ಟದೆ ಕೋರ್ಟಿಗೆ ತಂದರೆ ಕೊರತೆಯ ಜೊತೆಗೆ ಅದರ ಹತ್ತು ಪಟ್ಟು ದಂಡ. ಅದಕ್ಕೇ ಪತ್ರಬರಹಗಾರರು ‘ಸ್ವಾಧೀನ ರಹಿತ’ ಎಂದು ಎದ್ದು ಕಾಣುವಂತೆ ಬರೆಯುವುದು. ಇಷ್ಟಾದರೂ ಒಡೆತನ ಇನ್ನೂ ಮಾರುವವನದೇ. 1882ರ ಸ್ವತ್ತು ವರ್ಗಾವಣೆ ಅಧಿನಿಯಮದ 54ನೇ ಪ್ರಕರಣದಂತೆ ಕರಾರು ತಾನಾಗಿ ಸ್ವತ್ತಿನಲ್ಲಿ ಯಾವ ಹಿತಾಸಕ್ತಿಯನ್ನೂ ಹುಟ್ಟಿಸುವುದಿಲ್ಲ.

ಉತ್ತರ – ಬಳ್ಳಾರಿಯಿಂದ

ಅಷ್ಟಭೋಗದ ಬಗ್ಗೆ. ವಿಜಯನಗರ ಕಾಲದ ದಾನಪತ್ರಗಳಲ್ಲಿ ಬರುವ ನಿಧಿ, ನಿಕ್ಷೇಪ, ಜಲ, ಪಾಷಾಣ, ಅಕ್ಷೀಣಿ, ಆಗಾಮಿ, ಸಿದ್ಧ, ಸಾಧ್ಯ ಎಂಬ ಎಂಟೂ, ನೆಲದಿಂದ ಬರುವ ಲಾಭಗಳ ಪಟ್ಟಿ. 1961ರ ಪ್ರಬಂಧದಲ್ಲಿ ಆನೊರೆ ಕೊಟ್ಟ ಹನ್ನೊಂದು ಅಂಶ ಒಡೆಯನ ಸ್ಥಾನದ ಲಕ್ಷಣಗಳು: ಸ್ವಾಧೀನದಲ್ಲಿಡುವ ಹಕ್ಕು, ಬಳಸುವ ಹಕ್ಕು, ಆದಾಯದ ಹಕ್ಕು ಹೀಗೆ; ಸಾಲಕ್ಕೆ ಜಪ್ತಿಯಾಗುವುದು, ಇತರರಿಗೆ ಹಾನಿಯಾಗುವಂತೆ ಬಳಸದಿರುವುದು ಕೂಡ. ಆದ್ದರಿಂದ ಅಷ್ಟಭೋಗವನ್ನು ಸಮಾನಪದ ಮಾಡಬೇಡಿ. ಆದರೆ ಅದೇ ದಾನಪತ್ರಗಳ ಉಳಿದ ಮಾತು ನಿಮಗೆ ಬೇಕಾದದ್ದನ್ನು ಕೊಡುತ್ತದೆ: ‘ಪುತ್ರಪೌತ್ರ ಪಾರಂಪರ್ಯವಾಗಿ’ ಎಂಬುದು ವಾರಸುದಾರರಿಗೆ ಸಾಗುವ ಗುಣ, ‘ಆಚಂದ್ರಾರ್ಕ’ ಎಂಬುದು ಅವಧಿಯ ಮಿತಿ ಇಲ್ಲದಿರುವುದು, ‘ಸರ್ವಬಾಧಾಪರಿಹಾರ’ ಹೋಫೆಲ್ಡ್ ಹೇಳುವ ವಿನಾಯಿತಿಗೆ, ಅಂದರೆ ಇನ್ನೊಬ್ಬರು ನಮ್ಮ ಹಕ್ಕನ್ನು ಬದಲಿಸಲಾಗದ ಸ್ಥಿತಿಗೆ, ಹತ್ತಿರ. ಹೋಫೆಲ್ಡ್ 1913ರಲ್ಲಿ ಬೇರೆ ಮಾಡಿದ ನಾಲ್ಕನ್ನೂ ನಾವು ‘ಹಕ್ಕು’ ಎಂದೇ ಕರೆಯುತ್ತೇವೆ. ಪಾಠದಲ್ಲಿ ಕೇಳುವ ಹಕ್ಕು, ಸ್ವಾತಂತ್ರ್ಯ, ಅಧಿಕಾರ, ವಿನಾಯಿತಿ ಎಂದು ಬಿಡಿಸಿ. ಹೊಲ ಮಾರುವುದು ಅಧಿಕಾರ, ಅದರಲ್ಲಿ ಅಡ್ಡಾಡುವುದು ಸ್ವಾತಂತ್ರ್ಯ, ಬೇರೆಯವನ ದನ ಬರದಂತೆ ತಡೆಯುವುದು ಕೇಳುವ ಹಕ್ಕು.

ಅಷ್ಟಭೋಗದಿಂದ ಒಂದು ಉದಾಹರಣೆ ಮಾತ್ರ ಬಿಡಬೇಡಿ. ಹಳೆಯ ದಾನದಲ್ಲಿ ನಿಧಿ–ನಿಕ್ಷೇಪ–ಪಾಷಾಣ ಪಡೆದವನಿಗೇ ಹೋಗುತ್ತಿತ್ತು. ಇವತ್ತು ಭೂಕಂದಾಯ ಅಧಿನಿಯಮದ 70ನೇ ಪ್ರಕರಣದ ಪ್ರಕಾರ, ಮಂಜೂರಾತಿಯ ಷರತ್ತಿನಲ್ಲಿ ಬೇರೆ ಹೇಳಿರದಿದ್ದರೆ, ಖನಿಜದ ಹಕ್ಕು ರಾಜ್ಯ ಸರ್ಕಾರದ್ದು. ಸಂಡೂರಿನ ರೈತನಿಗೆ ಮೇಲಿನ ಮಣ್ಣು ಸ್ವಂತ, ಕೆಳಗಿನ ಅದಿರು ಅಲ್ಲ. ಕಟ್ಟಿನಿಂದ ಕಡ್ಡಿ ಎಳೆಯುವುದು ಎಂದರೆ ಏನೆಂದು ಬಳ್ಳಾರಿ ಜಿಲ್ಲೆಯ ವಿದ್ಯಾರ್ಥಿಗೆ ಇದಕ್ಕಿಂತ ಬೇಗ ತಿಳಿಸುವ ಉದಾಹರಣೆ ಇಲ್ಲ. ಅದನ್ನು ಬರೆಯುವಾಗ ‘ಜಮೀನು ಅವನ ಸ್ವಾಧೀನದಲ್ಲಿದೆ, ಅದಿರು ಇಲ್ಲ’ ಎನ್ನಬೇಡಿ. ಮಣ್ಣಿನ ಜೊತೆ ಅದಿರೂ ಅವನ ಬೇಲಿಯೊಳಗೇ ಇದೆ. ಇಲ್ಲದ್ದು ಅದರ ಒಡೆತನ.